ತಿಳಿಯಾದ ನೀರು ಮತ್ತು ಗರ್ಭಸ್ಥ ಶಿಶುವಿನ ಹಕ್ಕು

ಹರಿಯುವ ನೀರು, ದೊಡ್ಡ ಕೆರೆಯ ನೀರು ಶುದ್ಧವೋ ಅಲ್ಲವೋ ಎಂದು ತಿಳಿಯಲು ಫಿಕ್ಹ್ ಗ್ರಂಥಗಳು ಮೂರು ಗುರುತುಗಳನ್ನು ಕಲಿಸುತ್ತವೆ: ಬಣ್ಣ, ರುಚಿ, ವಾಸನೆ. ಮಾಲಿನ್ಯ ಬಿದ್ದು ಇವುಗಳಲ್ಲಿ ಒಂದು ಕೆಟ್ಟರೂ ಅದರಿಂದ ವುಝೂ ಸಿಂಧುವಾಗದು. ಮದ್ರಸದ ಚಿಕ್ಕ ಮಕ್ಕಳಿಗೂ ಇದು ಬಾಯಿಪಾಠ. ಆದರೆ ಪ್ರಿಯ ಓದುಗರೇ, ಈ ಮೂರೂ ಸರಿಯಿರುವ, ವುಝೂವಿಗೆ ಯಾವ ಅಡ್ಡಿಯೂ ಇಲ್ಲದ ನೀರು ತಾಯಿಯ ಗರ್ಭದಲ್ಲಿರುವ ಮಗುವಿಗೆ ವಿಷವಾಗಬಹುದೇ? ಖಂಡಿತ ಆಗಬಹುದು. ಹಾಗಾದರೆ ಆ ಮಗುವಿನ ಕುರಿತು ಅಲ್ಲಾಹನ ಮುಂದೆ ಉತ್ತರಿಸಬೇಕಾದವರು ಯಾರು?

ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿ ಮಂಗಳೂರು ಎಂಬ ಊರಿದೆ. ಅಲ್ಲಿ ಹಿಂದೆ ಚಿನ್ನದ ಗಣಿಯಿತ್ತು. ಚಿನ್ನದ ಅದಿರಿನೊಂದಿಗೆ ಆರ್ಸೆನಿಕ್ ಕೂಡ ಇರುವುದುಂಟು. ನಮ್ಮ ಹಿರಿಯರು ಪಾಷಾಣವೆಂದು ಹೆದರುತ್ತಿದ್ದ ವಿಷ ಇದರದೇ. ಆ ಗಣಿ ಪ್ರದೇಶದ 59 ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ವರದಿ ಪ್ರಕಟಿಸಿದರು. ಲೀಟರಿಗೆ 10 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಶೇ. 79ರಷ್ಟು ನೀರು ಆ ಮಿತಿಯನ್ನು ದಾಟಿತ್ತು. ಒಂದರಲ್ಲಂತೂ 303 ಮೈಕ್ರೋಗ್ರಾಂ ಇತ್ತು. ಕಿರದಳ್ಳಿ ತಾಂಡಾದಂಥ ಕಡೆ ಜನರ ಅಂಗೈ ಅಂಗಾಲುಗಳು ಗಂಟುಗಟ್ಟಿದವು. ಆದರೂ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು.

ಗರ್ಭಿಣಿ ಇಂಥ ನೀರು ಕುಡಿದರೆ ವಿಷವು ಮಾಸುಚೀಲವನ್ನು ದಾಟಿ ಮಗುವನ್ನು ಸೇರುತ್ತದೆ. ಗರ್ಭಪಾತ, ಕಡಿಮೆ ತೂಕದ ಹೆರಿಗೆ, ಶಿಶುಮರಣಗಳ ಅಪಾಯ ಹೆಚ್ಚುತ್ತದೆ. ಚಿಲಿ ದೇಶದ ಆಂಟೊಫಗಾಸ್ಟ ನಗರದ ಜನರು 1958ರಿಂದ 1970ರವರೆಗೆ ಇಂಥ ನೀರನ್ನು ಕುಡಿದರು. ಆಗ ಗರ್ಭದಲ್ಲಿದ್ದವರಲ್ಲಿ ಶ್ವಾಸಕೋಶದ ರೋಗದಿಂದಾಗುವ ಸಾವುಗಳು ಯೌವನದಲ್ಲೂ ಹೆಚ್ಚಾಗಿ ಕಂಡುಬಂದವು.

"ಎಲ್ಲವೂ ವಿಧಿ" ಎಂದು ಕೈಕಟ್ಟಿ ಕೂರುವವರಿದ್ದಾರೆ. ಒಂಟೆಯನ್ನು ಕಟ್ಟಿ ಆನಂತರ ಅಲ್ಲಾಹನಲ್ಲಿ ಭರವಸೆಯಿಡಲು ಪ್ರವಾದಿ(ಸ)ರು ಕಲಿಸಿದ್ದನ್ನು ಅವರು ಮರೆತಿದ್ದಾರೆ. "ನಮಗೆ ಗೊತ್ತಿರಲಿಲ್ಲ" ಎನ್ನುವವರ ಮಾತು ಬೇರೆ. ಬಾಂಗ್ಲಾದೇಶದಲ್ಲಿ 1970ರ ದಶಕದಲ್ಲಿ ಕೊಳವೆ ಬಾವಿಗಳನ್ನು ತೋಡಿಸಿದವರು ಮಕ್ಕಳನ್ನು ವಾಂತಿಭೇದಿಯಿಂದ ಉಳಿಸಬಯಸಿದ್ದರು. ಅಲ್ಲಿ ಆರ್ಸೆನಿಕ್ ಪತ್ತೆಯಾದದ್ದು 1993ರಲ್ಲಿ. ಕರ್ಮಗಳಿಗೆ ನಿಯ್ಯತ್ತೇ ಆಧಾರ, ನಿಜ. ಆದರೆ ಹಾನಿ ತಿಳಿದುಬಂದ ದಿನದಿಂದ ಹಳೆಯ ಒಳ್ಳೆಯ ನಿಯ್ಯತ್ತು ನಮ್ಮ ಸುಮ್ಮನಿರುವಿಕೆಗೆ ಹೊದಿಕೆಯಾಗದು. ತಿಳಿಯಲು ದಾರಿಯಿದ್ದೂ ತಿಳಿಯಲೊಲ್ಲದ ಅಜ್ಞಾನವನ್ನು ನೆಪವೆಂದು ಹೇಗೆ ಹೇಳೋಣ?

ಇನ್ನೂ ಹುಟ್ಟದ ಮಗುವಿಗೆ ಶರೀಅತ್ ಕೊಟ್ಟಿರುವ ಸ್ಥಾನವನ್ನು ನೋಡಿರಿ. ತಂದೆ ತೀರಿಕೊಂಡರೆ ಅದರ ಪಾಲನ್ನು ತೆಗೆದಿರಿಸಬೇಕು. ಅದಕ್ಕೆ ತೊಂದರೆಯಾಗುವ ಭಯವಿದ್ದರೆ ತಾಯಿ ರಮಝಾನಿನ ಉಪವಾಸವನ್ನು ಮುಂದೂಡಬಹುದು. ತಲಾಕ್ ಪಡೆದ ಗರ್ಭಿಣಿಗೂ ಹೆರಿಗೆಯವರೆಗೆ ಖರ್ಚು ಕೊಡಬೇಕೆಂದು ಪವಿತ್ರ ಕುರ್‌ಆನಿನ ಅತ್ತಲಾಕ್ ಅಧ್ಯಾಯ ಆಜ್ಞಾಪಿಸುತ್ತದೆ. ಜಮೀನಿನಲ್ಲಿ ಆ ಮಗುವಿನ ಪಾಲನ್ನು ಕಾಯುವ ನಾವು ನೀರಿನಲ್ಲಿ ಅದರ ಪ್ರಾಣವನ್ನು ಕಾಯಬೇಡವೇ?

ಮಂಡ್ಯ, ಮದ್ದೂರು, ಯಲಿಯೂರಿನ ನಮಗೆ ಸುರಪುರ ದೂರದ ಮಾತೆನಿಸಬಹುದು. ಆದರೆ ಬೋರ್‌ವೆಲ್ ನೀರನ್ನು ಕಣ್ಣಳತೆಯಿಂದಲೇ ನಂಬುವ ಅಭ್ಯಾಸ ನಮ್ಮಲ್ಲೂ ಇದೆ. ಮನೆಯ, ಮಸೀದಿಯ ಬಾವಿ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿರಿ. ಗ್ರಾಮ ಪಂಚಾಯತಿಗೆ ಅರ್ಜಿ ಕೊಡಿರಿ. ಕುದಿಸಿದರೆ ಆರ್ಸೆನಿಕ್ ಹೋಗದು. ನೀರು ಬತ್ತಿದಷ್ಟೂ ಅದು ಗಟ್ಟಿಯಾಗುತ್ತದೆ. ಕೆಟ್ಟದ್ದೆಂದು ತಿಳಿದ ನೀರನ್ನು ಕುಡಿಯಲು, ಅಡುಗೆಗೆ ಬಳಸದಿರಿ. ದೂರದಿಂದ ಒಂದೇ ಕೊಡ ಒಳ್ಳೆಯ ನೀರು ಬಂದರೆ ಅದು ಮೊದಲು ಬಸುರಿಗೆ ಸಲ್ಲಲಿ. ಹೊತ್ತು ತರುವ ಕೆಲಸವನ್ನು ಗಂಡಸರು ಮಾಡಲಿ. ಎದೆಹಾಲು ನಿಲ್ಲಿಸಬೇಡಿರಿ, ಅದಕ್ಕೆ ಈ ವಿಷ ಇಳಿಯುವುದು ಬಹಳ ಕಡಿಮೆ.

ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಸ್ವಂತ ಹಣದಿಂದ ಕೊಂಡು ಜನರಿಗೆ ಬಿಟ್ಟುಕೊಟ್ಟರು. ನಿಮ್ಮ ಬಾವಿಯ ನೀರು ಒಳ್ಳೆಯದೆಂದು ಪರೀಕ್ಷೆ ಹೇಳಿದರೆ, ನೆರೆಯವರು ಯಾವ ಜಾತಿ ಧರ್ಮದವರೇ ಆಗಿರಲಿ, ಅವರ ಕೊಡಕ್ಕೂ ಬಾಗಿಲು ತೆರೆದಿಡಿರಿ. ಗರ್ಭದ ಮಗು ಬಾಯಿಬಿಟ್ಟು ನೀರು ಕೇಳಲಾರದು. ಅದರ ಪರವಾಗಿ ಕೇಳುವ ಹೊಣೆ ನಮ್ಮದು.