ಪ್ರಮಾದವೂ ಹಿಂಸೆಯೇ

ಕೊಲ್ಲುವುದೇ ಹಿಂಸೆ ಎಂಬುದು ಲೋಕರೂಢಿ. ಜಿನಾಗಮದ ನಿರೂಪಣೆ ಇದಕ್ಕಿಂತ ಸೂಕ್ಷ್ಮವಾದುದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನೂ ಸೇರಿಸಿದ್ದಾರೆ. ಹಾಗಾದರೆ ಯಾರನ್ನೂ ದ್ವೇಷಿಸದವನು, ಯಾರ ಸಾವನ್ನೂ ಬಯಸದವನು, ಕೇವಲ ಎಚ್ಚರಗೇಡಿತನದಿಂದ ಹಿಂಸೆಗೆ ಭಾಗಿಯಾಗುವನೆ? ಎರಡನೆಯ ಮಹಾಯುದ್ಧದ ಒಂದು ದುರಂತವು ಈ ಪ್ರಶ್ನೆಯನ್ನು ವಿಚಾರಿಸಲು ತಕ್ಕ ನಿದರ್ಶನವಾಗಿದೆ.

ಟ್ಯಾಂಕುಗಳನ್ನೂ ಸೈನಿಕರನ್ನೂ ಬಂದರಿಲ್ಲದ ಕಡಲತೀರದಲ್ಲಿ ನೇರವಾಗಿ ಇಳಿಸುವ ಸಲುವಾಗಿ ಅಮೆರಿಕವು ‘ಎಲ್‌.ಎಸ್‌.ಟಿ.’ ಎಂಬ ನೌಕೆಗಳನ್ನು ಸಾವಿರಕ್ಕೂ ಮಿಗಿಲಾಗಿ ಕಟ್ಟಿತು. ಸುಮಾರು 328 ಅಡಿ ಉದ್ದ, ಚಪ್ಪಟೆ ತಳ, ಮೂತಿಯಲ್ಲಿ ತೆರೆದುಕೊಳ್ಳುವ ಬಾಗಿಲು, ಮಂದವಾದ ಗತಿ. 1944ರ ಏಪ್ರಿಲ್‌ 28ರಂದು, ಬೆಳಕು ಹರಿಯುವುದಕ್ಕೆ ಮೊದಲು, ಇಂಥ 8 ನೌಕೆಗಳು ಇಂಗ್ಲೆಂಡಿನ ದಕ್ಷಿಣದ ಲೈಮ್‌ ಕೊಲ್ಲಿಯಲ್ಲಿ ಸಾಗುತ್ತಿದ್ದವು. ನಾರ್ಮಂಡಿಯ ಮೇಲಣ ಆಕ್ರಮಣಕ್ಕೆ ಪೂರ್ವಸಿದ್ಧತೆಯಾಗಿ ಸ್ಲ್ಯಾಪ್ಟನ್‌ ಸ್ಯಾಂಡ್ಸ್‌ ತೀರದಲ್ಲಿ ನಡೆಯುತ್ತಿದ್ದ ‘ಟೈಗರ್‌’ ಎಂಬ ಸಮರಾಭ್ಯಾಸ ಅದು. ಜರ್ಮನರ ವೇಗದ ದೋಣಿಗಳು ಕತ್ತಲಲ್ಲಿ ಟಾರ್ಪೆಡೋಗಳಿಂದ ಎರಗಿದವು. ಅದೇ ವರ್ಷದ ಜನವರಿಯಲ್ಲಷ್ಟೇ ಸೇವೆಗೆ ಸೇರಿದ್ದ 507 ಮತ್ತು 531ನೆಯ ಸಂಖ್ಯೆಯ ನೌಕೆಗಳು ಮುಳುಗಿದವು. 531 ಮುಳುಗಲು ಕೆಲವೇ ನಿಮಿಷಗಳು ಸಾಕಾದವು. ಸಾಮಾನ್ಯವಾಗಿ ಒಪ್ಪಿರುವ ಲೆಕ್ಕದಂತೆ ಮಡಿದವರು 749 ಮಂದಿ.

ಟಾರ್ಪೆಡೋ ಬಿಟ್ಟವರ ಉದ್ದೇಶ ಸ್ಪಷ್ಟ. ಆದರೆ ಸಾವಿನ ಸಂಖ್ಯೆ ಇಷ್ಟಾಗಲು ಅದೊಂದೇ ಕಾರಣವಲ್ಲ. ಆಜ್ಞಾಪತ್ರದ ಬೆರಳಚ್ಚಿನಲ್ಲಿ ಆದ ತಪ್ಪಿನಿಂದ ಈ ನೌಕೆಗಳ ರೇಡಿಯೋ ತರಂಗಾಂಕವೂ ಬ್ರಿಟಿಷ್‌ ನೌಕಾಕೇಂದ್ರದ ತರಂಗಾಂಕವೂ ಬೇರೆಬೇರೆಯಾಗಿದ್ದವು. ಶತ್ರುಗಳ ಸುಳಿವು ನೌಕೆಗಳಿಗೆ ಮುಟ್ಟಲಿಲ್ಲ. ಬೆಂಗಾವಲಿಗೆ ಬರಬೇಕಿದ್ದ ಎರಡು ಹಡಗುಗಳಲ್ಲಿ ಒಂದು ಡಿಕ್ಕಿಯಿಂದ ಹಾನಿಗೊಂಡು ಬಂದರಿನಲ್ಲೇ ಉಳಿದಿತ್ತು. ಬದಲಿ ಹಡಗು ಸಕಾಲಕ್ಕೆ ಬರಲಿಲ್ಲ. ಜೀವರಕ್ಷಕ ಪಟ್ಟಿಯನ್ನು ಕಂಕುಳ ಕೆಳಗೆ ಕಟ್ಟಿಕೊಳ್ಳಬೇಕೆಂಬುದನ್ನು ಸೈನಿಕರಿಗೆ ಸರಿಯಾಗಿ ಕಲಿಸಿರಲಿಲ್ಲ. ಬೆನ್ನ ಮೇಲೆ ಹೊರೆಯಿದ್ದ ಅನೇಕರು ಅದನ್ನು ಸೊಂಟಕ್ಕೆ ಕಟ್ಟಿಕೊಂಡರು. ಪಟ್ಟಿ ಉಬ್ಬಿದೊಡನೆ ದೇಹ ತಲೆಕೆಳಗಾಯಿತು. ರಕ್ಷಿಸಬೇಕಾದ ಸಾಧನವೇ ಮೃತ್ಯುವಾಯಿತು.

ಯುದ್ಧವೇ ಹಿಂಸೆಯಾಗಿರುವಾಗ ಅದರೊಳಗಿನ ಪ್ರಮಾದವನ್ನು ಬೇರ್ಪಡಿಸಿ ನೋಡುವುದೇಕೆ ಎಂದು ಕೆಲವರು ಕೇಳಬಹುದು. ಶತ್ರುವಿನ ಹಿಂಸೆಗೆ ಶತ್ರು ಬೇಕು. ಪ್ರಮಾದದ ಹಿಂಸೆಗೆ ಯಾರೂ ಬೇಕಿಲ್ಲ. ಅದು ಶಾಂತಿಕಾಲದಲ್ಲಿಯೂ, ಸಜ್ಜನರ ಮನೆಯಲ್ಲಿಯೂ ಸಂಭವಿಸುತ್ತದೆ.

ಹಾಗೆಂದು ಆ ಬೆರಳಚ್ಚುಗಾರನನ್ನು ಕೊಲೆಗಾರನೆನ್ನುವುದು ನ್ಯಾಯವಲ್ಲ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಪಾದದಡಿ ಅಕಸ್ಮಾತ್‌ ಕ್ಷುದ್ರಜೀವಿಯೊಂದು ಸಿಲುಕಿದರೂ ಅವನಿಗೆ ಹಿಂಸಾದೋಷವಿಲ್ಲ. ಅಲಕ್ಷ್ಯದಿಂದ ನಡೆಯುವವನಿಗೆ ಜೀವಿ ಸಾಯದಿದ್ದರೂ ದೋಷ ತಪ್ಪದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪ್ರತಿಪಾದಿಸಿದ ತತ್ತ್ವವಿದು. ಈ ತತ್ತ್ವ ಒಂದು ಕಡೆ ಕರುಣೆಯುಳ್ಳದ್ದು, ಇನ್ನೊಂದು ಕಡೆ ಕಠಿಣವಾದುದು. ಎಚ್ಚರವಿದ್ದೂ ತಪ್ಪಿದವನನ್ನು ಅದು ಕ್ಷಮಿಸುತ್ತದೆ. ಆದರೆ ಆ ರಾತ್ರಿ ಶತ್ರುಗಳು ಬಾರದೆ ಎಲ್ಲರೂ ಸುಖವಾಗಿ ದಡ ಸೇರಿದ್ದರೂ, ಕಾಗದವನ್ನು ಮರಳಿ ಓದದವನ, ಪಟ್ಟಿ ಕಟ್ಟುವುದನ್ನು ಕಲಿಸದವನ ಪ್ರಮಾದ ಅಷ್ಟೇ ಇರುತ್ತಿತ್ತು. ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಷ್ಟೆ. ನಮ್ಮ ಬಹುಪಾಲು ಪ್ರಮಾದಗಳು ಹೀಗೆಯೇ ಅದೃಷ್ಟದ ಮರೆಯಲ್ಲಿ ಅಡಗಿವೆ.

ಅದೇ ಕತ್ತಲಲ್ಲಿ ಅಪ್ರಮಾದದ ಬೆಳಕೂ ಕಂಡಿತು. ಉಳಿದ ನೌಕೆಗಳು ಸುರಕ್ಷಿತ ಸ್ಥಳದತ್ತ ಸಾಗುತ್ತಿದ್ದಾಗ 515ನೆಯ ನೌಕೆಯ ಕ್ಯಾಪ್ಟನ್‌ ಜಾನ್‌ ಡಾಯ್ಲ್‌ ಹಿಂದಿರುಗಿ, ತಣ್ಣನೆಯ ನೀರಿನಲ್ಲಿದ್ದ ನೂರಕ್ಕೂ ಹೆಚ್ಚು ಜನರನ್ನು ಮೇಲೆತ್ತಿದರು. ಮುಂದೆ ತರಂಗಾಂಕಗಳನ್ನು ಒಂದಾಗಿಸಲಾಯಿತು. ಜೀವರಕ್ಷಕ ಪಟ್ಟಿಯ ಬಳಕೆಯನ್ನು ಕಲಿಸಲಾಯಿತು. ತಪ್ಪನ್ನು ಕಂಡುಕೊಂಡು ತಿದ್ದಿಕೊಳ್ಳುವ ಇಂಥ ಕಾರ್ಯವೇ ಪ್ರತಿಕ್ರಮಣದ ಫಲ.

ಸಮಿತಿಗಳು ಮುನಿಗಳಿಗೆ ಪೂರ್ಣರೂಪದಲ್ಲಿ ವಿಹಿತವಾದರೂ, ಅವುಗಳ ಆಶಯ ಶ್ರಾವಕನಿಗೂ ಅನ್ವಯಿಸುತ್ತದೆ. ನೀರು ಸೋಸಿ ಕುಡಿಯುವ ನಾವು, ಮಹೋತ್ಸವಕ್ಕೆ ಕಟ್ಟಿದ ಅಟ್ಟಣಿಗೆಯ ಹಗ್ಗವನ್ನೂ, ಜನಜಂಗುಳಿಯ ದಾರಿಯನ್ನೂ, ಪಾಕಶಾಲೆಯ ಬೆಂಕಿಯನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸುತ್ತೇವೆಯೆ? ಬಸದಿಯ ಆಡಳಿತವನ್ನು ಹೊತ್ತವರಿಗೆ ಇದು ವ್ಯವಸ್ಥೆಯ ಮಾತು ಮಾತ್ರವಲ್ಲ, ವ್ರತದ ಮಾತು. ಎಚ್ಚರವೇ ಅಹಿಂಸೆಯ ಮೊದಲ ಮೆಟ್ಟಿಲು.