ಕೊನೆಗೆ ಕೈ ಹಾಕಿದವನು

ರಿಪೇರಿ ಮಾಡಿದ ಮೇಲೆ ಒಂದು ವಸ್ತು ಕೆಟ್ಟರೆ ಹೊಣೆ ಯಾರದ್ದು? ರಿಪೇರಿ ಮಾಡಿದವನದ್ದೇ ಅಂತ ನಾವೆಲ್ಲ ಥಟ್ ಅಂತ ಹೇಳ್ತೀವಿ. ಸರ್ವೀಸ್ ಮಾಡಿಸಿ ತಂದ ಬೈಕಿನ ಹಾರ್ನ್ ಮಾರನೇ ದಿನ ಕೈಕೊಟ್ಟರೆ ಬೈಸಿಕೊಳ್ಳೋದು ಸರ್ವೀಸ್‌ನವನೇ. ಆಫೀಸಲ್ಲಿ ರಿಲೀಸ್ ಆದ ಮೇಲೆ ಸೈಟ್ ಬಿದ್ದರೆ, ಕೊನೆಯ ಕಮಿಟ್ ಯಾರದ್ದು ಅನ್ನೋದೇ ಮೊದಲ ಪ್ರಶ್ನೆ. ಗಿಟ್‌ನಲ್ಲಿ ಅದಕ್ಕಂತಲೇ ಒಂದು ಕಮಾಂಡ್ ಇದೆ, ಹೆಸರೇ 'ಬ್ಲೇಮ್'. ಆದರೆ ಅದು ಹೇಳೋದು ಒಂದೊಂದು ಸಾಲನ್ನು ಕೊನೆಗೆ ಮುಟ್ಟಿದವರು ಯಾರು ಅಂತ ಮಾತ್ರ. ತಪ್ಪು ಯಾರದ್ದು ಅಂತ ಹೇಳುವ ಶಕ್ತಿ ಅದಕ್ಕಿಲ್ಲ.

ಮುಟ್ಟಿದವನು ಬೇರೆ, ತಪ್ಪು ಮಾಡಿದವನು ಬೇರೆ. ಇದನ್ನು ನಾನು ಸ್ಪಷ್ಟವಾಗಿ ಕಂಡಿದ್ದು ಕಂಪ್ಯೂಟರಿನಲ್ಲಲ್ಲ, ದೋಣಿಯ ಎಂಜಿನ್ನಿನಲ್ಲಿ.

ನಮ್ಮೂರು ಕುಂದಾಪುರದ ಕಡೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳು ಮಾತ್ರ ಹೋಗಬಹುದು. ದೊಡ್ಡ ಬೋಟುಗಳು ದಡದಲ್ಲಿರುವ ಈ ಎರಡು ತಿಂಗಳೇ ನಾಡದೋಣಿಯವರ ದುಡಿಮೆಯ ಕಾಲ. ಕಡಲು ಅಬ್ಬರಿಸೋದೂ ಆಗಲೇ. ಅಳಿವೆ ದಾಟುವಾಗ ಎಂಜಿನ್ ನಿಂತರೆ ಅಲೆ ದೋಣಿಯನ್ನು ಅಡ್ಡ ತಿರುಗಿಸಿ ಮಗುಚಿಬಿಡಬಹುದು.

ಒಂದು ವರ್ಷ ಸೀಸನ್‌ಗೆ ಮುಂಚೆ ಮಾವ ತಮ್ಮ ಔಟ್‌ಬೋರ್ಡ್ ಎಂಜಿನ್ನಿನ ಕಾರ್ಬೊರೇಟರ್ ಬಿಚ್ಚಿಸಿ ರಿಪೇರಿ ಮಾಡಿಸಿದರು. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಅದು. ಮೆಕ್ಯಾನಿಕ್ ಜೆಟ್ ತೊಳೆದು, ಫ್ಲೋಟ್ ಎತ್ತರ ಸರಿಮಾಡಿ, ಹೊಸ ಗ್ಯಾಸ್ಕೆಟ್ ಕೂರಿಸಿ, ನೀರು ತುಂಬಿದ ಡ್ರಮ್ಮಿನಲ್ಲಿ ಓಡಿಸಿ ತೋರಿಸಿದ. ಸದ್ದು ಚೆನ್ನಾಗೇ ಇತ್ತು. ಹೊಳೆಗಿಳಿಸಿ ಪೂರ್ತಿ ಸ್ಪೀಡ್ ಕೊಟ್ಟರೆ ಕೆಮ್ಮಿ ಕೆಮ್ಮಿ ನಿಂತಿತು.

"ನೀನ್ ಬಿಚ್ಚುಕೆ ಮುಂಚೆ ಸಮ ಓಡ್ತಿತ್ತಲ ಮಾರಾಯ" ಅಂದರು ಮಾವ.

"ಕಾರ್ಬೊರೇಟರ್ ಸಮ ಇತ್ತ್ ಅಣ್ಣ, ಬೇರೆ ಎಂತದೋ ಇತ್ತ್" ಅಂದ ಮೆಕ್ಯಾನಿಕ್.

ಮಾವನ ವಾದಕ್ಕೆ ನಮ್ಮಲ್ಲಿ ಹಳೇ ಹೆಸರಿದೆ: ಕಾಕತಾಳೀಯ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು, ಹಾಗಾಗಿ ಕಾಗೆಯೇ ಬೀಳಿಸಿತು. ಮೊದಲು ನಡೆದದ್ದೆಲ್ಲ ಕಾರಣ ಆಗಲ್ಲ ಅಂತ ನ್ಯಾಯಶಾಸ್ತ್ರದವರು ಕುಂಬಾರನ ಕತ್ತೆಯನ್ನು ತೋರಿಸಿ ಹೇಳ್ತಾರೆ. ಮಣ್ಣು ಹೊತ್ತು ತಂದ ಕತ್ತೆ ಮಡಕೆಗಿಂತ ಮೊದಲೇ ಅಲ್ಲಿತ್ತು ನಿಜ, ಆದರೆ ಅದು ಮಡಕೆಗೆ ಕಾರಣ ಅಲ್ಲ.

ಹಾಗಂತ ಮೆಕ್ಯಾನಿಕ್ ಮಾತೂ ಗಟ್ಟಿಯಾಗಿರಲಿಲ್ಲ. 'ಡ್ರಮ್ಮಿನಲ್ಲಿ ಓಡಿದೆ' ಅನ್ನೋದೂ 'ನನ್ನ ಮಷೀನಲ್ಲಿ ಓಡ್ತಿದೆ' ಅನ್ನೋದೂ ಒಂದೇ. ಡ್ರಮ್ಮಿನಲ್ಲಿ ನಿಧಾನಕ್ಕೆ ತಿರುಗುವ ಎಂಜಿನ್ನಿಗೆ ದೋಣಿ ತಳ್ಳುವ ಭಾರ ಇರಲ್ಲ, ಸ್ವಲ್ಪ ಎಣ್ಣೆ ಸಾಕು. ಭಾರ ಬಿದ್ದಾಗಲೇ ಕೊರತೆ ಕಾಣೋದು.

ಆದರೆ ಆ ಮನುಷ್ಯ ಜಗಳಕ್ಕೆ ನಿಲ್ಲಲಿಲ್ಲ. ತಾನೇ ದೋಣಿ ಹತ್ತಿದ. ಎಂಜಿನ್ ಕೆಮ್ಮತೊಡಗಿದಾಗ ಚೋಕ್ ಸ್ವಲ್ಪ ಎಳೆದ, ಚೇತರಿಸಿಕೊಂಡಿತು. ಅಂದ್ರೆ ಎಣ್ಣೆ ಸಾಲುತ್ತಿಲ್ಲ. ಆಮೇಲೆ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಒತ್ತುತ್ತಾ ಹೋದ, ಎಂಜಿನ್ ನೆಟ್ಟಗೆ ಓಡಿತು. ಜೆಟ್ ಕಟ್ಟಿದ್ದರೆ ಬಲ್ಬ್ ಒತ್ತಿ ಪ್ರಯೋಜನ ಇರುತ್ತಿರಲಿಲ್ಲ. ಹಾಗಾದರೆ ತೊಂದರೆ ಕಾರ್ಬೊರೇಟರಿಗಿಂತ ಹಿಂದೆ: ಪಂಪು, ಪೈಪು ಅಥವಾ ಟ್ಯಾಂಕು. ಪಕ್ಕದ ದೋಣಿಯ ಟ್ಯಾಂಕು, ಪೈಪು ಎರಡೂ ತಂದು ಹಾಕಿದ, ಸರಿಯಾಯ್ತು. ಟ್ಯಾಂಕು ಅವರದ್ದೇ ಇಟ್ಟು ನಮ್ಮ ಪೈಪು ಹಾಕಿದ, ಮತ್ತೆ ಕೆಮ್ಮು. ಪೈಪಿನ ಕನೆಕ್ಟರಿನ ರಬ್ಬರ್ ರಿಂಗು ಸವೆದಿತ್ತು. ಅಲ್ಲಿ ಎಣ್ಣೆ ಹೊರಗೆ ಒಂದು ಹನಿಯೂ ಸೋರುತ್ತಿರಲಿಲ್ಲ, ಆದರೆ ಪಂಪು ಎಳೆಯುವಾಗ ಗಾಳಿ ಒಳಗೆ ಹೋಗುತ್ತಿತ್ತು.

ಇದ್ದಾಗ ಆಗುತ್ತಾ, ಇಲ್ಲದಾಗ ಆಗದೆ ಇರುತ್ತಾ ಅಂತ ಒಂದೊಂದನ್ನೇ ಬದಲಿಸಿ ನೋಡೋದಕ್ಕೆ ಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕ ಅಂತಾರೆ. ನಾವು ಅದನ್ನೇ ಡೀಬಗ್ಗಿಂಗ್ ಅಂತೀವಿ. ಮಾವ ಸಿಟ್ಟಿನಲ್ಲಿ 'ಹೇಗೋ ಓಡುತ್ತೆ ಬಿಡು' ಅಂತ ಹೋಗಿದ್ದರೆ ಎಂಜಿನ್ನೇ ಹೋಗುತ್ತಿತ್ತು. ಎರಡು ಸ್ಟ್ರೋಕಿನ ಇಂಥ ಎಂಜಿನ್ನಿಗೆ ಆಯಿಲ್ ಬರೋದು ಇಂಧನದ ಜೊತೆಗೇ. ಇಂಧನ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಬಿಸಿ ಜಾಸ್ತಿ, ಪಿಸ್ಟನ್ ಸುಟ್ಟು ಕೂರುತ್ತೆ.

ಹಾಗಾದರೆ ಮೆಕ್ಯಾನಿಕ್‌ನದ್ದು ತಪ್ಪಿರಲಿಲ್ಲ. ಹೊಣೆ? ನನ್ನ ಪ್ರಕಾರ ಇತ್ತು. ತಪ್ಪನ್ನು ಸಾಕ್ಷಿ ನೋಡಿ ತೀರ್ಮಾನಿಸಬೇಕು, ಅದಕ್ಕೆ ಸಮಯ ಬೇಕು. ಹೊಣೆ ಹಾಗಲ್ಲ, ಕೈ ಹಾಕಿದ ಕ್ಷಣದಿಂದಲೇ ಶುರು. ಏನೇನು ಬಿಚ್ಚಿದ್ದು, ಏನನ್ನು ಮುಟ್ಟಿಲ್ಲ ಅಂತ ಚೆನ್ನಾಗಿ ಗೊತ್ತಿರೋದು ಅವನಿಗೇ. ಆದ್ದರಿಂದ ಮೊದಲು ಬಂದು ನೋಡಬೇಕಾದವನೂ ಅವನೇ. ಮಾವ ಕಾರಣ ಹೇಳಿದ್ದು ತಪ್ಪು, ಕರೆದ ಮನುಷ್ಯ ಮಾತ್ರ ಸರಿ. ಲೆಕ್ಕವೂ ಹಾಗೇ ಮುಗಿಯಿತು: ಬಂದು ನೋಡಿದ್ದಕ್ಕೆ ಆತ ದುಡ್ಡು ತಗೊಳ್ಳಲಿಲ್ಲ, ರಿಂಗಿನ ದುಡ್ಡು ಮಾವ ಕೊಟ್ಟರು.

ಈ ಎರಡನ್ನೂ ಒಂದೇ ಮಾಡಿದಾಗ ಏನಾಗುತ್ತೆ ಅನ್ನೋದನ್ನು ನಮ್ಮ ಆಫೀಸುಗಳಲ್ಲಿ ನೋಡಬಹುದು. ಮುಟ್ಟಿದವನದ್ದೇ ತಪ್ಪು ಅಂತಾದರೆ ಹಳೇ ಕೋಡ್ ಹತ್ತಿರ ಯಾರೂ ಸುಳಿಯಲ್ಲ. ಸವೆದ ರಿಂಗು ಸವೆದೇ ಇರುತ್ತೆ, ಕೊನೆಗೊಂದು ದಿನ ಪಾಪದ ಒಬ್ಬ ಹೊಸ ಹುಡುಗನ ಕೈಯಲ್ಲಿ ಕಳಚುತ್ತೆ. ತಪ್ಪಿಲ್ಲದವನಿಗೆ ಹೊಣೆಯೂ ಇಲ್ಲ ಅಂತಾದರೆ ಟಿಕೆಟ್ ಟೀಮಿಂದ ಟೀಮಿಗೆ ಓಡಾಡುತ್ತೆ, ಪ್ರತಿ ಟೀಮೂ ತನ್ನ ಡ್ರಮ್ಮಿನಲ್ಲಿ ಓಡಿಸಿ ಕ್ಲೋಸ್ ಮಾಡುತ್ತೆ. ಅಳಿವೆಯಲ್ಲಿ ಸಿಕ್ಕಿಕೊಂಡಿರುವವನು ಬೇರೆಯೇ.

ಕೆಲಸ ಮಾಡಿಸಿಕೊಂಡವನು ಫೋನ್ ಮಾಡಿದಾಗ 'ನಂದಲ್ಲ' ಅನ್ನೋ ಹಕ್ಕು ನಮಗೆ ಖಂಡಿತ ಇದೆ. ಅದನ್ನು ದಡದಲ್ಲಿ ನಿಂತು ಹೇಳೋದಕ್ಕಿಂತ ದೋಣಿ ಹತ್ತಿ ನೋಡಿ ಹೇಳಿದರೆ ಕೇಳುವವರಿಗೂ ನಂಬಿಕೆ ಬರುತ್ತೆ.