ಮೂಲ ಪ್ರತಿ ಎಲ್ಲಿದೆ?

ಯೂನಿಕ್ಸ್ ಯಂತ್ರ ಹೇಗೆ ನಡೆದುಕೊಳ್ಳಬೇಕೆಂಬ ಕಟ್ಟಳೆಗಳೆಲ್ಲ ‘ಇಟಿಸಿ’ ಎಂಬ ಡೈರೆಕ್ಟರಿಯಲ್ಲಿ ಸಾದಾ ಬರಹವಾಗಿ ಕೂತಿರುತ್ತವೆ. ಯಾರನ್ನು ಒಳಗೆ ಬಿಡಬೇಕು, ಗಡಿಯಾರ ಯಾವ ದೇಶದ ಹೊತ್ತು ತೋರಿಸಬೇಕು, ಎಲ್ಲವೂ ಅಲ್ಲಿ ಓದಲು ಸಿಗುತ್ತದೆ. ಬರೆದವರು ಎಲ್ಲಿಯವರೋ. ಸಿಂಧನೂರಿನ ಯಾವುದೋ ಕಚೇರಿಯ ಸರ್ವರ್‌ಗೆ ಆ ಕಡತ ಬಂದಿಳಿದ ಮೇಲೆ ಇಲ್ಲಿಯವರು ಒಂದೆರಡು ಸಾಲು ತಿದ್ದಿಯೇ ತಿದ್ದುತ್ತಾರೆ.

ತಿದ್ದಿದ ಮೇಲೆ ಮೇಲಿನಿಂದ ಹೊಸ ಆವೃತ್ತಿ ಬಂದರೆ ಏನು ಗತಿ? ಡೆಬಿಯನ್ ಯಂತ್ರಗಳಲ್ಲಿ ತಂತ್ರಾಂಶ ಅಳವಡಿಸುವ ‘ಡಿಪಿಕೆಜಿ’ ಕೆಲಸ ನಿಲ್ಲಿಸಿ ಕೇಳುತ್ತದೆ: ಈ ಕಡತವನ್ನು ನೀವೂ ಬದಲಿಸಿದ್ದೀರಿ, ನಾವೂ ಬದಲಿಸಿದ್ದೇವೆ, ಯಾವುದು ಇರಲಿ? ‘ಡಿ’ ಒತ್ತಿದರೆ ಎರಡರ ವ್ಯತ್ಯಾಸ ತೆರೆಯುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ, ಅವರದು ಬಾಲಕ್ಕೆ ‘ಡಿಪಿಕೆಜಿ-ಡಿಸ್ಟ್’ ಅಂಟಿಸಿಕೊಂಡು ಪಕ್ಕದಲ್ಲಿ ಕೂರುತ್ತದೆ. ಆಳುವವರಲ್ಲಿ ಅಪರೂಪವಾದ ಮರ್ಯಾದೆ ಇದು.

ವ್ಯತ್ಯಾಸ ತೋರಿಸುವ ‘ಡಿಫ್’ 1974ರ ಯೂನಿಕ್ಸ್ ಆವೃತ್ತಿಯಲ್ಲಿ ಬಂತು, ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕ್‌ಇಲ್ರಾಯ್ ಕೆಲಸ. ಆದರೆ ಶಾಸನ ಓದುವವರು ಅದಕ್ಕೂ ಎಷ್ಟೋ ಮೊದಲಿನಿಂದ ಇದನ್ನೇ ಕಣ್ಣಿನಿಂದ ಮಾಡುತ್ತಿದ್ದರು. ಅಶೋಕನ ಒಂದೇ ಕಿರು ಶಾಸನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೊಪ್ಪಳದ ಗವಿಮಠ, ಹೀಗೆ ಹಲವು ಬಂಡೆಗಳ ಮೇಲಿದೆ. ಒಂದೊಂದು ಪ್ರತಿಯೂ ಸ್ವಲ್ಪ ಬೇರೆ. ಬ್ರಹ್ಮಗಿರಿಯಲ್ಲಿ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಕುಶಲ ವಿಚಾರಣೆಯನ್ನೂ ಕಲ್ಲಿಗೆ ಏರಿಸಿಬಿಟ್ಟಿದ್ದಾರೆ. ಬರೆದ ಚಪಡ ತನ್ನ ಕಸುಬನ್ನು ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೊರೆದುಕೊಂಡ.

1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಅದೇ ಶಾಸನವಿದ್ದ ಮಸ್ಕಿಯ ಬಂಡೆ ಬಿತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇದ್ದಲ್ಲಿ ಈ ಬಂಡೆ ಅಶೋಕ ಎಂಬ ಹೆಸರನ್ನೂ ಹೇಳುತ್ತಿತ್ತು. ಸಿಂಹಳದ ಗ್ರಂಥಗಳ ಆಧಾರದಲ್ಲಿ ಪ್ರಿಯದರ್ಶಿಯೇ ಅಶೋಕ ಎಂದು ನಂಬಿದ್ದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು.

ಇಲ್ಲಿಗೆ ಕಥೆ ಮುಗಿಸಿದರೆ ಚೆನ್ನ: ಊರಿನ ತಿದ್ದುಪಡಿಯೇ ಸತ್ಯ ಉಳಿಸಿತು ಎನ್ನಬಹುದು. ಪಪೆಟ್, ಆನ್ಸಿಬಲ್‌ನಂಥ ಸಾಧನಗಳು ನೂರು ಯಂತ್ರಗಳನ್ನೂ ಒಂದೇ ಪ್ರತಿಗೆ ಎಳೆದು ತಂದು ಇಂಥ ವ್ಯತ್ಯಾಸ ಅಳಿಸುತ್ತವೆ ಎಂದು ಬೈಯಲೂಬಹುದು. ಆದರೆ ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಸಿಂಧನೂರಿನಿಂದ ಹೊಳೆಯಾಚೆಗಿನ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳದಲ್ಲೂ ಅದೇ ಹೆಸರು ಸಿಕ್ಕಿತು. ಹಾಗಾದರೆ ಮಸ್ಕಿಯವರು ಸೇರಿಸಿದರೋ, ಉಳಿದವರು ಬಿಟ್ಟರೋ?

ಎರಡು ಪ್ರತಿಗಳನ್ನು ಎದುರುಬದುರು ಇಟ್ಟರೆ ಬೇರೆಯಾದದ್ದು ಕಾಣುತ್ತದೆ, ಬದಲಿಸಿದವರು ಕಾಣುವುದಿಲ್ಲ. ಡಿಪಿಕೆಜಿ ಅಷ್ಟು ಖಚಿತವಾಗಿ ‘ನೀವು ಬದಲಿಸಿದ್ದೀರಿ’ ಎನ್ನುವುದು ತಾನು ಮೊದಲು ಕಳಿಸಿದ ಕಡತದ ಬೆರಳಚ್ಚನ್ನು ಇಟ್ಟುಕೊಂಡಿರುವುದರಿಂದ. ಜೋಯಿ ಹೆಸ್ ಬರೆದ ‘ಇಟಿಸಿಕೀಪರ್’ ಇನ್ನೂ ಮುಂದೆ ಹೋಗಿ ಇಡೀ ಇಟಿಸಿಯ ಪೂರ್ವಾಪರವನ್ನು ಗಿಟ್‌ನಲ್ಲಿ ಜೋಪಾನ ಮಾಡುತ್ತದೆ. ಆದರೂ ಆ ಸಾಲನ್ನು ಏಕೆ ತಿದ್ದಿದರು ಎಂಬುದನ್ನು ತಿದ್ದಿದವರೇ ಬರೆದಿಡಬೇಕು, ಮತ್ತು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಸುವರ್ಣಗಿರಿಯಿಂದ ಹೊರಟ ಓಲೆ ನಮ್ಮ ಕೈಯಲ್ಲಿಲ್ಲ. ಆ ಊರು ಯಾವುದು, ಕನಕಗಿರಿಯೋ, ಮಸ್ಕಿಯೋ, ಆಂಧ್ರದ ಜೊನ್ನಗಿರಿಯೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ.